ಅಡ್ರೆಸ್ ಬುಕ್ ಖಾಲಿನಾ? ಈ ಐದು ಕಡೆ ನೋಡಿ

ಕಳೆದ ರಜೆಯಲ್ಲಿ ಹೊಳಲೂರಿನ ಮನೆಯಿಂದ ಮಿನಿ ಪ್ರಾಜೆಕ್ಟ್ ರಿಪೋರ್ಟ್ ಕಳಿಸೋಕೆ ಕೂತೆ. ಥಂಡರ್‌ಬರ್ಡ್‌ನಲ್ಲಿ ಗೈಡ್ ಹೆಸರು ಟೈಪ್ ಮಾಡಿದ್ರೆ ವಿಳಾಸವೇ ಬರಲಿಲ್ಲ. ಅಂದಾಜಿನ ಮೇಲೆ ಕಳಿಸಿದೆ. ಅದು ಅದೇ ಹೆಸರಿನ ಬೇರೆ ಮೇಡಂಗೆ ಹೋಗಿ ಡೆಡ್‌ಲೈನ್ ತಪ್ಪಿತು. ನಿಮಗೆ ಹಾಗಾಗಬಾರದು ಅಂತ ಈ ಪಾಠ.

ಕಾಲೇಜಿನ ಎಲ್ಲರ ವಿಳಾಸ ಇರೋದು ಡೈರೆಕ್ಟರಿ ಸರ್ವರ್‌ನಲ್ಲಿ. ಅದರ ಜೊತೆ ಮೇಲ್ ಆ್ಯಪ್ ಮಾತಾಡುವ ಪ್ರೋಟೊಕಾಲ್ ಎಲ್‌ಡಿಎಪಿ. ಬುಕ್ ತೆರೆದ ಕೂಡಲೇ ಖಾಲಿ ಕಂಡರೆ ಗಾಬರಿ ಬೇಡ, ಹುಡುಕಿದ ಮೇಲೆಯೇ ಹೆಸರು ಬರೋದು. ಆಗಲೂ ಬರದಿದ್ರೆ ಕ್ರಮವಾಗಿ ನೋಡಿ:

1. ಸರ್ವರ್ ಸಿಗ್ತಿದೆಯಾ? ಎಷ್ಟೋ ಕಾಲೇಜುಗಳಲ್ಲಿ ಅದು ಕ್ಯಾಂಪಸ್ ನೆಟ್‌ವರ್ಕ್ ಒಳಗೆ ಮಾತ್ರ ಸಿಗುತ್ತೆ.

2. ಪೋರ್ಟ್ ಸರಿಯಿದೆಯಾ? ಸಾಮಾನ್ಯಕ್ಕೆ 389, ಎಸ್‌ಎಸ್‌ಎಲ್ ಟಿಕ್ ಮಾಡಿದ್ರೆ 636. ಸರ್ಟಿಫಿಕೇಟ್‌ನಲ್ಲಿರುವ ಹೆಸರನ್ನೇ ಹೋಸ್ಟ್‌ನೇಮ್ ಆಗಿ ಕೊಡಿ.

3. ಬೇಸ್ ಡಿಎನ್ ಸರಿಯಿದೆಯಾ? ಹುಡುಕಾಟ ಶುರುವಾಗುವ ಕೊಂಬೆ ಇದು. ಇಲ್ಲದ ಕೊಂಬೆ ಕೊಟ್ಟರೆ ಎರರ್ 32. ಬೇರೆ ಕೊಂಬೆ ಕೊಟ್ಟರೆ ಎರರ್ ಇಲ್ಲ, ಉತ್ತರವೂ ಇಲ್ಲ.

4. ಬೈಂಡ್ ಡಿಎನ್, ಪಾಸ್‌ವರ್ಡ್ ಸರಿಯಿದೆಯಾ? ತಪ್ಪಿದ್ರೆ ಎರರ್ 49.

5. ಸೆಟ್ಟಿಂಗ್ಸ್‌ನ ಕಂಪೋಸಿಷನ್ ಭಾಗದಲ್ಲಿ, ಅಡ್ರೆಸ್ಸಿಂಗ್ ಕೆಳಗೆ, ಡೈರೆಕ್ಟರಿ ಸರ್ವರ್ ಟಿಕ್ ಆಗಿದೆಯಾ? ಇಲ್ಲದಿದ್ರೆ ಟೈಪ್ ಮಾಡುವಾಗ ಹೆಸರು ಬರಲ್ಲ.

ನನ್ನ ತೊಂದರೆ ಮೊದಲನೆಯದೇ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಕ್ಯಾಂಪಸ್ ಸರ್ವರ್ ಹೇಗೆ ಸಿಗಬೇಕು? ನಾನೋ ಪಾಸ್‌ವರ್ಡನ್ನೇ ಮೂರು ಸಲ ಬದಲಿಸಿದ್ದೆ!

ಈಗ ಊರಿಗೆ ಹೊರಡುವ ಮುಂಚೆ ಡೈರೆಕ್ಟರಿಯ ಪ್ರಾಪರ್ಟೀಸ್‌ನಲ್ಲಿ ಆಫ್‌ಲೈನ್ ಟ್ಯಾಬ್‌ಗೆ ಹೋಗಿ ವಿಳಾಸಗಳನ್ನ ಡೌನ್‌ಲೋಡ್ ಮಾಡ್ಕೋತೀನಿ. ನೀವೂ ಮಾಡ್ಕೊಳ್ಳಿ. ವಿಳಾಸ ಸಿಗದಿದ್ರೆ ಮಾತ್ರ ಅಂದಾಜಿಗೆ ಕಳಿಸಬೇಡಿ, ಒಂದು ಫೋನ್ ಮಾಡಿ ಕೇಳಿ.