ಮೊದಲು ಕಿವಿಗೊಡು, ಆಮೇಲೆ ಬೇಸ್ ಹಚ್ಚು

ತಮ್ಮಾ, ಜಮೀನು ಅಳೆಯಲು ಹೊಸ ಜಿಪಿಎಸ್ ಬೇಸ್-ರೋವರ್ ಸೆಟ್ ತಂದಿದ್ದೀಯ ಅಂತ ಕೇಳಿ ಖುಷಿಯಾಯಿತು. 33 ಅಡಿ ಸರಪಳಿ ಎಳೆದುಕೊಂಡು ಕೆಸರುಗದ್ದೆ ಸುತ್ತಿದವನು ನಾನು. ಕೋಲು ನೆಟ್ಟ ಕೆಲವೇ ಸೆಕೆಂಡಿಗೆ ಬಾಂದುಕಲ್ಲಿನ ಜಾಗ ಸೆಂಟಿಮೀಟರ್ ಲೆಕ್ಕದಲ್ಲಿ ಸಿಗುವುದನ್ನು ಕಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಪೆಟ್ಟಿಗೆಯ ಜೊತೆ ಬಂದ ರೇಡಿಯೊ ಬಗ್ಗೆ ನಿನಗೊಂದು ಮಾತು ಹೇಳಲೇಬೇಕು.

ಹಿಂದೊಮ್ಮೆ ಮಲೆನಾಡಿನ ಒಂದು ಕಾಫಿ ತೋಟ ಅಳೆಯಲು ಹೋಗಿದ್ದೆ. ಗುಡ್ಡದ ನೆತ್ತಿಯಲ್ಲಿ ಬೇಸ್ ನಿಲ್ಲಿಸಿ, ಕಾರಿನ ಬ್ಯಾಟರಿಗೆ 35 ವ್ಯಾಟಿನ ರೇಡಿಯೊ ಕಟ್ಟಿ, ಮಾರಿದವರು ಕೂರಿಸಿಕೊಟ್ಟ ಚಾನೆಲ್‌ನಲ್ಲೇ ಹಚ್ಚಿಬಿಟ್ಟೆ. ಹನ್ನೊಂದರ ಹೊತ್ತಿಗೆ ಪಕ್ಕದ ತೋಟದ ಕಾವಲುಗಾರ ಏದುಸಿರು ಬಿಡುತ್ತ ಹತ್ತಿ ಬಂದ. ಏನೂ ಹೇಳದೆ ತನ್ನ ವಾಕಿಟಾಕಿಯನ್ನು ನನ್ನ ಕಿವಿಗೆ ಹಿಡಿದ. ಸೆಕೆಂಡಿಗೊಮ್ಮೆ ಗರ್... ಗರ್... ನಡುನಡುವೆ ಯಾರದೋ ಮಾತಿನ ಚೂರು. "ಆನೆ ಯಾವ ಕಡೆ ಇಳೀತು ಅಂತ ಬೆಳಗ್ಗಿಂದ ಗೊತ್ತಾಗ್ತಿಲ್ಲ ಸ್ವಾಮಿ, ಹಣ್ಣು ಕೀಳೋರು ಕೆಳಗಿದ್ದಾರೆ" ಎಂದ. ಅವರ ಬಳಿ ಲೈಸೆನ್ಸ್ ಇತ್ತು, ನನ್ನ ಬಳಿ ಇರಲಿಲ್ಲ. ತಂತಿ ಕಿತ್ತ ಕೈ ನಡುಗುತ್ತಿತ್ತು.

ವಾಕಿಟಾಕಿಯವರು ಎರಡು ಮಾತಾಡಿ ಗುಂಡಿ ಬಿಡುತ್ತಾರೆ. ನಮ್ಮ ಬೇಸ್ ಹಾಗಲ್ಲ, ಬೆಳಗ್ಗಿನಿಂದ ಸಂಜೆವರೆಗೆ ರೋವರ್‌ಗೆ ಸೆಕೆಂಡಿಗೊಂದು ಅಳತೆಯ ತಿದ್ದುಪಡಿ ಕಳಿಸುತ್ತಲೇ ಇರುತ್ತದೆ. ಬಂಡಿದಾರಿ ಒತ್ತುವರಿಯಾಗಿದೆ ಎಂದು ಊರಿಗೆಲ್ಲ ನಕ್ಷೆ ಬರೆದುಕೊಡುವವರು ನಾವು. ಗಾಳಿಯಲ್ಲಿರುವ ದಾರಿಯನ್ನು ನಾವೇ ಒತ್ತಿಕೊಂಡರೆ ಹೇಗೆ?

ಈ ರೇಡಿಯೊಗಳು ಸಾಮಾನ್ಯವಾಗಿ 410ರಿಂದ 470 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. ಅಲ್ಲಿ ಪ್ರಸಾರ ಮಾಡಲು ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ ನಿನ್ನ ಹೆಸರಿಗೆ ತರಂಗಾಂತರ ಕೊಟ್ಟಿರಬೇಕು. ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಯಂತ್ರದ ಬಿಲ್ಲೇ ಪರವಾನಗಿ ಎಂದು ತಿಳಿದವರು ಬಹಳ ಮಂದಿ. ನೀನು ಹಾಗೆ ತಿಳಿಯಬೇಡ. 434ರಿಂದ 438ರವರೆಗಿನದು ಹವ್ಯಾಸಿ ರೇಡಿಯೊದವರ ಜಾಗ. ನೆರೆ ಬಂದು ಮೊಬೈಲ್ ಸತ್ತಾಗ ಎಷ್ಟೋ ಸಲ ಸುದ್ದಿ ಮುಟ್ಟಿಸಿದವರು ಅವರು. ಅಲ್ಲಿ ಕಾಲಿಡಬೇಡ. ಪರವಾನಗಿ ಬೇಡದ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯೂ ಇದೆ, ಆದರೆ ಟ್ರಾನ್ಸ್‌ಮಿಟರ್ 1 ವ್ಯಾಟ್ ಮೀರಬಾರದು.

ಲೈಸೆನ್ಸ್ ಕೈಗೆ ಬರುವವರೆಗೆ ಕೆಲಸ ನಿಲ್ಲಿಸಬೇಕಿಲ್ಲ. ಮೊಬೈಲ್ ಸಿಗ್ನಲ್ ಇರುವಲ್ಲಿ ಸರ್ವೆ ಆಫ್ ಇಂಡಿಯಾದ ಕಾರ್ಸ್ ಎಂಬ ಕಾಯಂ ಬೇಸ್‌ಗಳ ಜಾಲದಿಂದ ಸಿಮ್ ಮೂಲಕವೇ ತಿದ್ದುಪಡಿ ತೆಗೆದುಕೊ. ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಬೇಸ್, ರೋವರ್ ಎರಡೂ ಬರೀ ದಾಖಲಿಸಲಿ, ರಾತ್ರಿ ಮನೆಯಲ್ಲಿ ಲೆಕ್ಕ ಹಾಕು.

ಲೈಸೆನ್ಸ್ ಬಂದ ಮೇಲೂ ಬೇಸ್ ಹಚ್ಚುವ ಮೊದಲು ಐದು ನಿಮಿಷ ರೋವರನ್ನಷ್ಟೇ ನಿನ್ನ ಚಾನೆಲ್‌ನಲ್ಲಿಟ್ಟು ರೇಡಿಯೊ ದೀಪ ನೋಡು. ಬೇಸ್ ಆರಿದ್ದಾಗಲೂ ದೀಪ ಮಿನುಗಿದರೆ ಅಲ್ಲಿ ಬೇರೆ ಯಾರೋ ಇದ್ದಾರೆ. ನಿನಗೆ ಕೊಟ್ಟಿರುವ ಇನ್ನೊಂದು ಚಾನೆಲ್‌ಗೆ ಹೋಗು. ದೀಪ ಮಿನುಗಲಿಲ್ಲ ಅಂತ ಪೂರ್ತಿ ನಂಬಲೂ ಬೇಡ, ವಾಕಿಟಾಕಿ ಮಾತನ್ನು ಎಲ್ಲ ರೋವರ್ ತೋರಿಸುವುದಿಲ್ಲ. ಒಂದು ಹ್ಯಾಂಡ್‌ಸೆಟ್ ಇಟ್ಟುಕೊಂಡು ಕಿವಿಯಿಂದಲೂ ಕೇಳು. ಒಂದು ಕಿಲೋಮೀಟರ್ ಕೆಲಸಕ್ಕೆ 35 ವ್ಯಾಟ್ ಬೇಕೇ ಬೇಡ. ದೂರ ಸಾಲದಿದ್ದರೆ ಮೊದಲು ಆಂಟೆನಾ ಎತ್ತರಿಸು. ಅಡ್ಡ ಗುಡ್ಡವಿದ್ದರೆ ಪವರ್ ಏರಿಸಿ ಸಿಗುವುದು ಅಷ್ಟಕ್ಕಷ್ಟೆ, ಕಂಬ ಮೂರು ಮೀಟರ್ ಮೇಲೇರಿದರೆ ಎಷ್ಟೋ ಕಡೆ ಕೆಲಸವಾಗುತ್ತದೆ. ಊಟಕ್ಕೆ ಕೂತಾಗ ರೇಡಿಯೊ ಆರಿಸು.

ನಾಳೆ ಮೂಡಿಗೆರೆ ಕಡೆ ಹೊರಟಿದ್ದೀಯಲ್ಲ, ಮಾರಿದವರು ತುಂಬಿಕೊಟ್ಟ ಚಾನೆಲ್ ಪಟ್ಟಿಯನ್ನು ಇವತ್ತೇ ಅಳಿಸಿಬಿಡು. ಲೈಸೆನ್ಸ್ ಬಂದು ರೇಡಿಯೊ ಹಚ್ಚುವ ದಿನ ಅಕ್ಕಪಕ್ಕದ ತೋಟದ ಕಾವಲುಗಾರರಿಗೆ ನಿನ್ನ ಫೋನ್ ನಂಬರ್ ಕೊಟ್ಟು, ಗರ್ ಅಂದರೆ ಕೂಡಲೇ ಕರೆ ಮಾಡಿ ಅಂತ ಹೇಳಿಯೇ ಗುಡ್ಡ ಹತ್ತು.