ಒಡಕು ರಕ್ತದ್ದೋ, ಶೀಸೆಯದ್ದೋ?

ಮಗಳೇ, ನಾಸಿಕದ ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆಯುವವರ ರಕ್ತ ತಂದು ಛತ್ರಪತಿ ಸಂಭಾಜಿನಗರದ ಲ್ಯಾಬಿನಲ್ಲಿ ಕ್ರೋಮೋಸೋಮು ನೋಡುತ್ತೇನೆ ಅಂದೆಯಲ್ಲ, ಕೇಳಿ ಮನಸ್ಸು ತುಂಬಿತು. ಈ ಕೆಲಸದಲ್ಲೇ ತಲೆ ನರೆಸಿಕೊಂಡವನ ಒಂದು ಮಾತು ನೆನಪಿಟ್ಟುಕೋ: ಸ್ಲೈಡಿನಲ್ಲಿ ಕಂಡ ಒಡಕೆಲ್ಲ ತೋಟದಲ್ಲಿ ಆದದ್ದಲ್ಲ. ಕೆಲವು ನಮ್ಮ ಕಲ್ಚರ್ ಶೀಸೆಯಲ್ಲೇ ಹುಟ್ಟುತ್ತವೆ, ಕೆಲವು ಅಲ್ಲೇ ಅಳಿಯುತ್ತವೆ.

ರಕ್ತದ ಲಿಂಫೋಸೈಟುಗಳು ಸುಮ್ಮನೆ ಮಲಗಿರುತ್ತವೆ. ರಾಜ್ಮಾ ಕಾಳಿನಿಂದ ತೆಗೆದ ಪಿಎಚ್‌ಎ ಹಾಕಿ 37 ಡಿಗ್ರಿಯಲ್ಲಿಟ್ಟರೆ ಎದ್ದು ವಿಭಜನೆಗೆ ತೊಡಗುತ್ತವೆ. 48 ತಾಸಿಗೆ ನಿಲ್ಲಿಸಿದರೆ ಬಹುಪಾಲು ಮೊದಲ ವಿಭಜನೆಯಲ್ಲಿ ಸಿಗುತ್ತವೆ. 72 ತಾಸು ಬಿಟ್ಟರೆ ಅನೇಕವು ಎರಡನೆಯ ಸುತ್ತಿಗೆ ಹೋಗಿರುತ್ತವೆ. ಎರಡು ಸೆಂಟ್ರೊಮಿಯರ್ ಇರುವ ಡೈಸೆಂಟ್ರಿಕ್ ಕ್ರೋಮೋಸೋಮುಗಳಂತೂ ಪ್ರತಿ ಸುತ್ತಿನಲ್ಲೂ ಸುಮಾರು ಅರ್ಧಕ್ಕೆ ಇಳಿಯುತ್ತವೆ.

ಹೊಸಬನಿದ್ದಾಗ ನಾನು ಕೆಲಸಗಾರರ ಕಲ್ಚರನ್ನು 48 ತಾಸಿಗೆ ತೆಗೆದೆ. ಹೋಲಿಕೆಗೆಂದು ತೆಗೆದುಕೊಂಡ, ಔಷಧಿ ಮುಟ್ಟದವರದು ನಡುವೆ ಭಾನುವಾರ ಬಂದು 72ಕ್ಕೆ ಹೋಯಿತು. ಕೆಲಸಗಾರರಲ್ಲಿ ಹಾನಿ ಹೆಚ್ಚು ಕಂಡಿತು. ಅದರಲ್ಲಿ ಔಷಧಿಯ ಪಾಲೆಷ್ಟು, ಆ ಒಂದು ದಿನದ ಪಾಲೆಷ್ಟು ಎಂದು ಬಿಡಿಸಲಾಗಲಿಲ್ಲ. ಲೆಕ್ಕವನ್ನೆಲ್ಲ ಕೈಬಿಟ್ಟೆ. ರಕ್ತ ಕೊಟ್ಟವರ ಮುಖ ಇಂದಿಗೂ ಕಣ್ಣಮುಂದಿದೆ.

ಕಲ್ಚರ್ ಮೀಡಿಯಮ್ಮನ್ನೂ ಹಗುರವಾಗಿ ಕಾಣಬೇಡ. 1969ರಲ್ಲಿ ಹರ್ಬರ್ಟ್ ಲಬ್ಸ್ ಒಂದು ಕುಟುಂಬದ ಎಕ್ಸ್ ಕ್ರೋಮೋಸೋಮಿನ ತುದಿಯಲ್ಲಿ ಬಿರುಕು ಕಂಡರು. ಆಮೇಲೆ ಬೇರೆ ಲ್ಯಾಬುಗಳಲ್ಲಿ ಅದು ಸುಲಭಕ್ಕೆ ಕಾಣಲೇ ಇಲ್ಲ. 1977ರಲ್ಲಿ ಆಸ್ಟ್ರೇಲಿಯಾದ ಗ್ರಾಂಟ್ ಸದರ್‌ಲ್ಯಾಂಡ್ ಗುಟ್ಟು ಬಿಡಿಸಿದರು: ಫೋಲೇಟ್ ಕಡಿಮೆಯಿರುವ ಹಳೆಯ ಮೀಡಿಯಮ್ಮಿನಲ್ಲಿ ಬಿರುಕು ಕಾಣುತ್ತದೆ, ಫೋಲೇಟ್ ತುಂಬಿದ ಹೊಸದರಲ್ಲಿ ಮರೆಯಾಗುತ್ತದೆ. ರೋಗಿ ಅದೇ, ರಕ್ತ ಅದೇ, ಬದಲಾದದ್ದು ಶೀಸೆಯೊಳಗಿನದು.

ಆದ್ದರಿಂದ ನಾಸಿಕದಿಂದ ಹೊರಡುವ ಐಸ್ ಡಬ್ಬಿಯಲ್ಲಿ ಸಿಂಪಡಿಸುವವರ ಟ್ಯೂಬಿನ ಪಕ್ಕದಲ್ಲೇ ಔಷಧಿ ಮುಟ್ಟದವರ ಟ್ಯೂಬೂ ಇರಲಿ. ದಾರಿಯ ಬಿಸಿಲು, ಕುಲುಕಾಟ, ತಡ ಎರಡಕ್ಕೂ ಒಂದೇ ಆಗಲಿ. ಒಂದೇ ಬ್ಯಾಚಿನ ಮೀಡಿಯಮ್, ಒಂದೇ ಸೀರಮ್, ಎರಡಕ್ಕೂ ಅಷ್ಟೇ ತಾಸು. ಕೆಲವು ಕಲ್ಚರುಗಳಿಗೆ ಬ್ರೋಮೋಡಿಆಕ್ಸಿಯುರಿಡಿನ್ ಹಾಕಿ, ಎಷ್ಟು ಕೋಶ ಎರಡನೆಯ ಸುತ್ತು ಮುಟ್ಟಿವೆ ನೋಡು. ಸ್ಲೈಡಿನ ಮೇಲೆ ಹೆಸರು ಬೇಡ, ಸಂಕೇತ ಸಂಖ್ಯೆ ಹಾಕು. ಎಣಿಸುವಾಗ ಯಾರದೆಂದು ನಿನಗೇ ಗೊತ್ತಿರಬಾರದು. ಇದೆಲ್ಲವನ್ನೂ ಅಂದಂದೇ ನೋಟ್‌ಬುಕ್ಕಿನಲ್ಲಿ ಬರೆದಿಡು.

ದಿನಗೂಲಿ ಬಿಟ್ಟು ಬಂದು ತೋಳು ಚಾಚಿದ ಆ ಮನುಷ್ಯ ನಾಳೆ ಕೇಳುತ್ತಾನೆ, ‘ನನಗೇನಾಗಿದೆ ತಾಯಿ?’ ಅಂತ. ಶೀಸೆಯ ತಪ್ಪನ್ನು ಅವನ ಮೈಮೇಲೆ ಹೊರಿಸಿ ಹೆದರಿಸಬೇಡ. ಅವನ ಮೈಗಾದ ಗಾಯವನ್ನು ಶೀಸೆಯಲ್ಲಿ ಕಳೆದು, ಏನೂ ಇಲ್ಲವೆಂದು ಕಳಿಸಲೂಬೇಡ.