ಮುಂದಿನ ಮಗುವಿನ ಮಾತು



ಕಲ್ಯಾಣ ನಗರದಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಬಸುರಿ ಹೆಣ್ಣುಮಕ್ಕಳು ಆಶೀರ್ವಾದಕ್ಕೆ ಬರುತ್ತಾರೆ. ಮಗುವಿನ ಹೆಸರು, ಜ್ಞಾನಸ್ನಾನ, ತವರಿನ ಬಾಣಂತನ ಎಲ್ಲವೂ ಮನೆಯಲ್ಲಿ ಚರ್ಚೆಯಾಗಿರುತ್ತದೆ. ಮುಂದಿನ ಮಗು ಯಾವಾಗ ಎಂಬುದು ಮಾತ್ರ ಆಗಿರುವುದಿಲ್ಲ. 1930ರಲ್ಲೇ ಮೈಸೂರು ಸಂಸ್ಥಾನವು ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದ ನಾಡಿದು. ಆದರೂ ಈ ಸಂಕೋಚ ಹೋಗಿಲ್ಲ.

“ಹಾಲೂಡಿಸುವಾಗ ಗರ್ಭ ನಿಲ್ಲದು” ಎಂಬ ನಂಬಿಕೆ ಅರ್ಧಸತ್ಯ. ಮಗುವಿಗೆ 6 ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲನ್ನಷ್ಟೇ ಕುಡಿಸುತ್ತಿರಬೇಕು, ಮುಟ್ಟು ಮರಳಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಭರವಸೆಯಿಲ್ಲ. ಮೊದಲ ಮುಟ್ಟಿಗೆ ಮುಂಚೆಯೇ ಗರ್ಭ ನಿಲ್ಲಬಹುದು. ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸಲು ಕನಿಷ್ಠ 24 ತಿಂಗಳು ಕಾಯಿರಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಲೆಕ್ಕವಿಲ್ಲದೆ ಹೆರಬೇಕೆಂದು ಧರ್ಮಸಭೆ ಹೇಳುವುದಿಲ್ಲ. ‘ಹುಮಾನೆ ವೀತೆ’ ವಿಶ್ವಪತ್ರದಲ್ಲಿ (1968) ಜಗದ್ಗುರು ಆರನೇ ಪೌಲರು ಕೃತಕ ವಿಧಾನಗಳನ್ನು ಒಪ್ಪಲಿಲ್ಲ. ತಕ್ಕ ಕಾರಣವಿದ್ದರೆ, ಗರ್ಭ ನಿಲ್ಲದ ದಿನಗಳನ್ನು ಅರಿತು ಅಂತರ ಕಾಯುವುದನ್ನು ಒಪ್ಪಿದರು. ಆಸ್ಟ್ರೇಲಿಯಾದ ಬಿಲ್ಲಿಂಗ್ಸ್ ದಂಪತಿಗಳ ವಿಧಾನ ಅಂಥದ್ದು. ಅದನ್ನು ಬಲ್ಲವರಿಂದಲೇ ಕಲಿಯಬೇಕು. ಗಂಡನ ಸಂಯಮವಿಲ್ಲದೆ ಅದು ನಡೆಯದು.

ಆದುದರಿಂದ ಗಂಡಂದಿರೇ, ಇಂದು ಜಪಸರದ ಬಳಿಕ ಮಡದಿಯನ್ನು ಕೇಳಿ: “ನಿನಗೇನನ್ನಿಸುತ್ತದೆ?” ಆಮೇಲೆ ಸುಮ್ಮನಿದ್ದು ಆಲಿಸಿ. ವಿವಾಹ ಸಂಸ್ಕಾರದಲ್ಲಿ ಕೊಟ್ಟ ಮಾತಿನಲ್ಲಿ ಇದೂ ಸೇರಿದೆ.